ಪರಿಹಾರದ ಹಣಕ್ಕೂ ಲೆಕ್ಕ ಬೇಕು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿಯವರ(ಸ) ಮೇಲೆ ಸಲಾತ್ ಮತ್ತು ಸಲಾಮ್. ಸಹೋದರ ಸಹೋದರಿಯರೇ, ತಖ್ವಾ ಪಾಲಿಸಬೇಕೆಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಅಮಾನತ್ ಎಂದರೆ ನೆರೆಯವರು ನಮ್ಮಲ್ಲಿ ಇಟ್ಟುಹೋದ ಒಡವೆ ಅಥವಾ ಹಣ ಮಾತ್ರ ಎಂದುಕೊಳ್ಳುತ್ತೇವೆ. ನಾವು ಕಟ್ಟುವ ಮನೆ ಕಂದಾಯ, ನೀರಿನ ತೆರಿಗೆ ಕೂಡ ನಗರಪಾಲಿಕೆಯ ಕೈಯಲ್ಲಿರುವ ಅಮಾನತ್. ಅನ್ನಿಸಾ ಅಧ್ಯಾಯದ 58ನೇ ಸೂಕ್ತದಲ್ಲಿ ಅಮಾನತನ್ನು ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಆಜ್ಞೆಯೂ ನ್ಯಾಯವಾಗಿ ತೀರ್ಪು ನೀಡಬೇಕೆಂಬ ಆಜ್ಞೆಯೂ ಒಟ್ಟಿಗೆ ಬಂದಿವೆ.

ಹಿಜರಿ 8ರಲ್ಲಿ, ಮಕ್ಕಾ ವಿಜಯದ ನಂತರ, ಖಾಲಿದ್ ಬಿನ್ ವಲೀದ್(ರ) ಅವರನ್ನು ಬನೂ ಜಝೀಮಾ ಗೋತ್ರದ ಕಡೆಗೆ ಕಳುಹಿಸಲಾಯಿತು. ತಾವು ಇಸ್ಲಾಮಿಗೆ ಬಂದೆವೆಂದು ಹೇಳಲು ಆ ಜನರು ಬಳಸಿದ ಮಾತನ್ನು ಬೇರೆಯಾಗಿ ಅರ್ಥೈಸಲಾಯಿತು. ಜೀವಹಾನಿಯಾಯಿತು. ಸುದ್ದಿ ತಲುಪಿದಾಗ ಪ್ರವಾದಿ(ಸ) ಕೈಗಳನ್ನೆತ್ತಿ, ಖಾಲಿದ್ ಮಾಡಿದ್ದರಲ್ಲಿ ತಮಗೆ ಪಾಲಿಲ್ಲವೆಂದು ಅಲ್ಲಾಹನೊಡನೆ ನಿವೇದಿಸಿದರು. ಇದು ಸಹೀಹ್ ಬುಖಾರಿಯಲ್ಲಿದೆ. ಬಳಿಕ ಹಝ್ರತ್ ಅಲಿ(ರ) ಅವರನ್ನು ಹಣದೊಂದಿಗೆ ಅಲ್ಲಿಗೆ ಕಳುಹಿಸಿದರು. ಹೋದ ಜೀವಗಳಿಗೆ ರಕ್ತಪರಿಹಾರ ನೀಡಿದ್ದಲ್ಲದೆ, ನಾಯಿ ನೀರು ಕುಡಿಯುವ ಬಟ್ಟಲಿಗೂ ಬೆಲೆ ಕಟ್ಟಿಕೊಟ್ಟರೆಂದು ಸೀರಾ ಗ್ರಂಥಗಳು ಹೇಳುತ್ತವೆ.

ಇಲ್ಲಿ ಎರಡು ಕೆಲಸಗಳಾದವು. ನೊಂದವರಿಗೆ ಪೂರ್ತಿ ಪರಿಹಾರ ಸಿಕ್ಕಿತು. ತಪ್ಪಾಗಿದೆ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಹೇಳಲಾಯಿತು. ಖಾಲಿದ್(ರ) ದೊಡ್ಡ ಸೇನಾನಿ ಎಂದು ಮುಚ್ಚಿಡಲಿಲ್ಲ. ಹಾಗೆಂದು ಅವರ ಮಾನ ಕಳೆಯಲೂ ಇಲ್ಲ, ಅವರು ಮುಂದೆಯೂ ಸೇವೆಯಲ್ಲಿ ಮುಂದುವರಿದರು.

ಇಂದು ನಮ್ಮ ಊರುಗಳಲ್ಲಿ ಮೊದಲನೆಯದು ಹೇಗೋ ಆಗುತ್ತದೆ, ಎರಡನೆಯದು ಆಗುವುದಿಲ್ಲ. ಮುಚ್ಚಳವಿಲ್ಲದ ಚರಂಡಿಗೆ ಒಂದು ಮಗು ಬೀಳುತ್ತದೆ. ಮನೆಯವರು ನ್ಯಾಯಾಲಯಕ್ಕೆ ಹೋಗುತ್ತಾರೆ. ವರ್ಷಗಳ ನಂತರ ರಾಜಿಯಾಗಿ ಹಣ ಪಾವತಿಯಾಗುತ್ತದೆ. ಎಷ್ಟು ಕೊಟ್ಟರು, ಯಾವ ಸಭೆಯಲ್ಲಿ ತೀರ್ಮಾನಿಸಿದರು, ಮುಚ್ಚಳ ಹಾಕಬೇಕಾಗಿದ್ದವರು ಯಾರು ಎಂಬುದು ಹೊರಗೆ ಬರುವುದಿಲ್ಲ. ಚರಂಡಿ ಮಾತ್ರ ತೆರೆದೇ ಇರುತ್ತದೆ. ಕೊಳಚೆ ಗುಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಆ ಹಣ ಕುಟುಂಬಕ್ಕೆ ಸಿಗಲೇಬೇಕು. ಆದರೆ ಅವರನ್ನು ಗುಂಡಿಗಿಳಿಸಿದವರು ಯಾರು ಎಂಬ ಪ್ರಶ್ನೆ ಹಣದೊಂದಿಗೆ ಮುಗಿಯಬಾರದು.

ಸುಪ್ರೀಂ ಕೋರ್ಟ್ 1993ರಲ್ಲೇ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಇದನ್ನು ಹೇಳಿದೆ. ಒಬ್ಬರಿಗೆ ಸಕಾಲಕ್ಕೆ ಮನೆ ಕೊಡದೆ ಸತಾಯಿಸಿದ ಪ್ರಕರಣವದು. ಸಂಸ್ಥೆ ಕೊಡುವ ಪರಿಹಾರ ತೆರಿಗೆದಾರರ ಹಣ, ಆದ್ದರಿಂದ ತಪ್ಪಿತಸ್ಥ ನೌಕರರನ್ನು ಗುರುತಿಸಿ ಅವರಿಂದಲೇ ವಸೂಲು ಮಾಡಬೇಕೆಂದು ನ್ಯಾಯಾಲಯ ನಿರ್ದೇಶಿಸಿತು.

ಒಬ್ಬ ಸಹೋದರರು ಕೇಳಿದರು: ಉಸ್ತಾದರೇ, ಇತರರ ಕುಂದನ್ನು ಮುಚ್ಚಿಡುವುದು ಪುಣ್ಯವಲ್ಲವೇ? ಹೌದು, ಒಬ್ಬನ ಖಾಸಗಿ ತಪ್ಪಿನ ವಿಷಯದಲ್ಲಿ. ನೊಂದ ಕುಟುಂಬದ ಹೆಸರು, ಕಣ್ಣೀರು ಬೀದಿಗೆ ಬರಬೇಕಾಗಿಲ್ಲ, ಅದನ್ನು ಕಾಪಾಡಿ. ಸಾರ್ವಜನಿಕ ಹಣದ ವಿಷಯ ಹಾಗಲ್ಲ. ಝಕಾತ್ ಸಂಗ್ರಹಕ್ಕೆ ಹೋದವರೊಬ್ಬರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದಾಗ ಪ್ರವಾದಿ(ಸ) ಅದನ್ನು ಮಿಂಬರ್ ಮೇಲೆ ನಿಂತೇ ಪ್ರಶ್ನಿಸಿದರು.

ಪಾಲಿಕೆಯನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ಕಳೆದ ವರ್ಷ ನಮ್ಮ ಮಸೀದಿಯ ಅಂಗಡಿಯೊಂದರ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಬಾಡಿಗೆದಾರರಿಗೆ ಎಷ್ಟು ಕೊಟ್ಟೆವೆಂದು ಜಮಾಅತ್‌ಗೆ ತಿಳಿಸಲಿಲ್ಲ. ಫಿತ್ನ ಆಗುವುದು ಬೇಡವೆಂದು ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಆದರೆ ಆ ಮೌನದಿಂದಲೇ ಗುಮಾನಿ ಹುಟ್ಟಿತು, ಇಬ್ಬರು ಅಣ್ಣತಮ್ಮಂದಿರು ಒಂದೇ ಸಫ್‌ನಲ್ಲಿ ನಿಲ್ಲದಂತಾಯಿತು. ಅದು ನನ್ನ ತಪ್ಪು. ಆ ಲೆಕ್ಕವನ್ನು ಮುಂದಿನ ಜುಮಾದೊಳಗೆ ಫಲಕದಲ್ಲಿ ಹಾಕಲು ಕಮಿಟಿ ಒಪ್ಪಿದೆ.

ಆಮೇಲೆ ಪಾಲಿಕೆಯ ಸರದಿ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಕಲಂ ಪ್ರಕಾರ, ಸಾರ್ವಜನಿಕರ ಮೇಲೆ ಪರಿಣಾಮ ಬೀರುವ ತೀರ್ಮಾನಗಳ ವಿವರವನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದ ಅರ್ಜಿ ಸಾಕು, 30 ದಿನಗಳಲ್ಲಿ ಉತ್ತರ ಕೊಡಬೇಕು. ನಾಲ್ಕೇ ಪ್ರಶ್ನೆ ಬರೆಯಿರಿ: ಒಟ್ಟು ಎಷ್ಟು ಪರಿಹಾರ ಕೊಟ್ಟಿರಿ? ಯಾವ ಕಾರಣಕ್ಕೆ? ಯಾವ ಠರಾವಿನಂತೆ? ಹೊಣೆಗಾರರಿಂದ ಎಷ್ಟು ವಸೂಲಾಯಿತು? ಜಗಳ ಬೇಡ, ಬೈಗುಳ ಬೇಡ. ನಮಾಝಿನ ನಂತರ ಅರ್ಜಿ ಬರೆದುಕೊಡಲು ನಮ್ಮ ಯುವಕರು ಅಂಗಳದಲ್ಲಿ ಕೂರುತ್ತಾರೆ. ಯಾವ ಧರ್ಮದ ನೆರೆಯವರು ಬಂದರೂ ಬರೆದುಕೊಡಿ. ತೆರೆದ ಚರಂಡಿ ಯಾರ ಮಗುವನ್ನೂ ಆರಿಸಿ ಬೀಳಿಸುವುದಿಲ್ಲ.

ನಮ್ಮ ಲೆಕ್ಕವನ್ನು ನಾಳೆ ಅಲ್ಲಾಹನು ಕೇಳಲಿದ್ದಾನೆ. ಅದಕ್ಕೆ ಮೊದಲು ಇಲ್ಲಿಯೇ ಲೆಕ್ಕ ಕೊಡುವ, ಲೆಕ್ಕ ಕೇಳುವ ಧೈರ್ಯವನ್ನು ಅವನು ನಮಗೆ ದಯಪಾಲಿಸಲಿ. ಆಮೀನ್.