ಒಂದು ಕೋಟಿ ಡಿಗ್ರಿಯನ್ನು ಅಳೆದ ಬಗೆ

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾದ ಹಾಲಿನ ಬಿಸಿ ನೋಡಲು ಬೆರಳು ಸಾಕು. ಮಗುವಿನ ಜ್ವರ ನೋಡಲು ಥರ್ಮಾಮೀಟರು ಸಾಕು. ಒಂದು ಕೋಟಿ ಡಿಗ್ರಿ ಕಾದ ಅನಿಲದ ಬಿಸಿಯನ್ನು ನೋಡುವುದು ಹೇಗೆ? 'ನಮ್ಮ ಯಂತ್ರದಲ್ಲಿ ಅಷ್ಟು ಬಿಸಿ ಬಂದಿದೆ' ಎಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ? ಸೋವಿಯತ್ ವಿಜ್ಞಾನಿ ಲೆವ್ ಆರ್ಟ್ಸಿಮೋವಿಚ್ ಅವರ ಬಾಳಿನ ಕೊನೆಯ ಇಪ್ಪತ್ತು ವರ್ಷಗಳು ಈ ಪ್ರಶ್ನೆಯೊಂದಿಗೇ ಕಳೆದವು.

1909ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಇವರು ಲೆನಿನ್‌ಗ್ರಾಡಿನಲ್ಲಿ ಸಂಶೋಧನೆ ಆರಂಭಿಸಿದರು. ಯುದ್ಧಾನಂತರ ಪರಮಾಣು ಯೋಜನೆಯಲ್ಲಿ ಐಸೊಟೋಪುಗಳನ್ನು ಬೇರ್ಪಡಿಸುವ ಕೆಲಸದಲ್ಲಿದ್ದರು. 1951ರಲ್ಲಿ ಅವರ ಹೆಗಲಿಗೆ ಹೊಸ ಹೊರೆ ಬಿತ್ತು. ಸೂರ್ಯನ ಒಡಲಲ್ಲಿ ಜಲಜನಕದ ಬೀಜಗಳು ಕೂಡಿಕೊಂಡು ಶಕ್ತಿ ಹೊಮ್ಮುತ್ತದಲ್ಲ, ಅದನ್ನು ಭೂಮಿಯ ಮೇಲೆ ಹತೋಟಿಯಲ್ಲಿಟ್ಟು ಸಾಧಿಸುವ ಪ್ರಯೋಗಗಳ ಮುಖ್ಯಸ್ಥರಾದರು. ಇದಕ್ಕೆ ಹತ್ತು ಕೋಟಿ ಡಿಗ್ರಿಯ ಆಸುಪಾಸಿನ ಉಷ್ಣತೆ ಬೇಕು. ಅಷ್ಟು ಬಿಸಿಯಾದ ಅನಿಲ ಪ್ಲಾಸ್ಮಾ ಆಗಿರುತ್ತದೆ; ಪಾತ್ರೆಯ ಗೋಡೆಗೆ ತಾಗಿದರೆ ತಣ್ಣಗಾಗಿಬಿಡುತ್ತದೆ. ಅದರ ಕಣಗಳಲ್ಲಿ ವಿದ್ಯುದಾವೇಶವಿರುವುದರಿಂದ ಕಾಂತಕ್ಷೇತ್ರದ ಬೇಲಿ ಹಾಕಿ ಹಿಡಿದಿಡಬಹುದು. ಟೊಳ್ಳಾದ ಕೋಡುಬಳೆಯಂಥ ಕೊಳವೆಯಲ್ಲಿ ಹೀಗೆ ಮಾಡಬಹುದೆಂದು 1950ರಲ್ಲಿ ಸಖರೋವ್ ಮತ್ತು ಟಾಮ್ ಸೂಚಿಸಿದ್ದರು. ಅದರಿಂದ ಬೆಳೆದ ಯಂತ್ರವೇ ಟೋಕಮಾಕ್.

ಅದಕ್ಕೂ ಮುಂಚೆ ಒಂದು ಪಾಠವಾಯಿತು. 1952ರಲ್ಲಿ, ನೇರ ಕೊಳವೆಯ ಪ್ರಯೋಗದಲ್ಲಿ ನ್ಯೂಟ್ರಾನುಗಳು ಕಾಣಿಸಿಕೊಂಡವು. ಸಮ್ಮಿಲನ ಆಗಿಯೇ ಹೋಯಿತೆಂದು ಹಿಗ್ಗಿದರು. ಪರೀಕ್ಷಿಸಿದಾಗ ಅವು ಉಷ್ಣತೆಯಿಂದ ಹುಟ್ಟಿದವಲ್ಲ ಎಂದು ತಿಳಿಯಿತು. ತನ್ನ ಮೊಸರು ಹುಳಿ ಎಂದು ಯಾರೂ ಹೇಳುವುದಿಲ್ಲ ಎನ್ನುತ್ತೇವೆ, ಇವರು ಹೇಳಿದರು. 1956ರಲ್ಲಿ ಕುರ್ಚಾಟೊವ್ ಇಂಗ್ಲೆಂಡಿನ ಹಾರ್ವೆಲ್‌ಗೆ ಹೋಗಿ ಇದನ್ನು ಬಹಿರಂಗವಾಗಿಯೇ ತಿಳಿಸಿದರು. ಆದರೂ 1958ರ ಜನವರಿಯಲ್ಲಿ ಅದೇ ಹಾರ್ವೆಲ್‌ನವರು ತಮ್ಮ 'ಜೀಟಾ' ಯಂತ್ರದಲ್ಲಿ ಸಮ್ಮಿಲನವಾಯಿತೆಂದು ಸಾರಿದರು. ಪತ್ರಿಕೆಗಳು ಕುಣಿದಾಡಿದವು. ಮೇ ತಿಂಗಳಿಗೆ ಮಾತು ಹಿಂತೆಗೆದುಕೊಳ್ಳಬೇಕಾಯಿತು. ಆ ಕಾಲದ ಉತ್ಸಾಹವೇ ಅಂಥದ್ದು. ನಮ್ಮ ಹೋಮಿ ಭಾಭಾ ಅವರೂ 1955ರ ಜಿನೀವಾ ಸಮ್ಮೇಳನದ ಅಧ್ಯಕ್ಷ ಪೀಠದಿಂದ, ಎರಡು ದಶಕಗಳೊಳಗೆ ಇದಕ್ಕೆ ದಾರಿ ಸಿಕ್ಕೀತು ಎಂದಿದ್ದರು.

ಹೀಗೆ ಎಲ್ಲರೂ ಕೈ ಸುಟ್ಟುಕೊಂಡಿದ್ದ ಹೊತ್ತಿನಲ್ಲಿ, 1968ರ ಆಗಸ್ಟ್‌ನಲ್ಲಿ, ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಆರ್ಟ್ಸಿಮೋವಿಚ್ ತಮ್ಮ ಟಿ-3 ಟೋಕಮಾಕ್‌ನಲ್ಲಿ ಎಲೆಕ್ಟ್ರಾನುಗಳ ಉಷ್ಣತೆ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದೆ ಎಂದರು. ಬೇರೆಲ್ಲೂ ಇಂಥ ಫಲಿತಾಂಶ ಇರಲಿಲ್ಲ. ಪಶ್ಚಿಮದವರು ಸಂಶಯಪಟ್ಟರು. ಅದು ಬರೀ ಹೊಟ್ಟೆಕಿಚ್ಚಲ್ಲ ಎಂದೇ ನನ್ನ ಭಾವನೆ. ಸೋವಿಯತ್ ತಂಡ ಅಳೆದದ್ದು ಪ್ಲಾಸ್ಮಾದ ಒಟ್ಟು ಶಕ್ತಿಯನ್ನು. ಉಷ್ಣತೆಯನ್ನು ಅದರಿಂದ ಲೆಕ್ಕ ಹಾಕಿದ್ದರು. ಒಂದು ಬೀದಿಯಲ್ಲಿ ಒಬ್ಬ ಭಾರಿ ಸಾಹುಕಾರನಿದ್ದರೆ ಬೀದಿಯ ಸರಾಸರಿ ವರಮಾನ ಏರುತ್ತದೆ, ಹಾಗೆಂದು ಬೀದಿಯವರೆಲ್ಲ ಸ್ಥಿತಿವಂತರೆ? ಹಾಗೆಯೇ ಕೆಲವೇ ಎಲೆಕ್ಟ್ರಾನುಗಳು ವಿಪರೀತ ವೇಗದಲ್ಲಿ ಓಡುತ್ತಿದ್ದಿರಬಹುದಲ್ಲ?

ಆರ್ಟ್ಸಿಮೋವಿಚ್ ಮುನಿಸಿಕೊಳ್ಳಲಿಲ್ಲ. 'ಬಂದು ನೀವೇ ಅಳೆಯಿರಿ' ಎಂದು ಕಲ್ಹಮ್ ಪ್ರಯೋಗಾಲಯದ ಬ್ರಿಟಿಷರನ್ನೇ ಕರೆದರು. ಕಾಲ ಯಾವುದೆಂದು ನೆನಪಿಸಿಕೊಳ್ಳಿ. ಅದೇ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದ್ದವು. ಕರೆದದ್ದಾದರೂ ಎಲ್ಲಿಗೆ? ಸೋವಿಯತ್ ಬಾಂಬಿನ ಕೆಲಸ ನಡೆದಿದ್ದ ಕುರ್ಚಾಟೊವ್ ಸಂಸ್ಥೆಗೆ! 1969ರಲ್ಲಿ ನಿಕೋಲ್ ಪೀಕಾಕ್ ಅವರ ತಂಡ ಸುಮಾರು ಐದು ಟನ್ ಉಪಕರಣಗಳೊಂದಿಗೆ ಮಾಸ್ಕೋದಲ್ಲಿ ಇಳಿಯಿತು. ಜೀಟಾ ಯಂತ್ರದಲ್ಲಿ ಪಳಗಿದ್ದ ಯುವಕ ಡೆರೆಕ್ ರಾಬಿನ್‌ಸನ್ ಕೂಡ ಜೊತೆಗಿದ್ದರು.

ಅವರ ಥರ್ಮಾಮೀಟರು ಒಂದು ಲೇಸರ್. ಮಾಣಿಕ್ಯದ ಲೇಸರಿನ ಕೆಂಪು ಬೆಳಕಿಗೆ ಒಂದೇ ಶುದ್ಧ ಬಣ್ಣ. ಅದನ್ನು ಪ್ಲಾಸ್ಮಾದೊಳಗೆ ಹಾಯಿಸಿದಾಗ ಎಲೆಕ್ಟ್ರಾನುಗಳು ಒಂದಿಷ್ಟು ಬೆಳಕನ್ನು ಚದರಿಸುತ್ತವೆ. ಓಡುವ ಎಲೆಕ್ಟ್ರಾನಿನಿಂದ ಚದರಿದ ಬೆಳಕಿನ ಬಣ್ಣ ತುಸು ಬದಲಾಗುತ್ತದೆ. ರೈಲು ಹತ್ತಿರ ಬಂದಾಗ, ದೂರ ಹೋದಾಗ ಸಿಳ್ಳೆಯ ಸ್ವರ ಬದಲಾಗುವಂತೆ. ಬಿಸಿ ಹೆಚ್ಚಿದಷ್ಟೂ ಬಣ್ಣದ ಹರವು ಅಗಲವಾಗುತ್ತದೆ. ಇಲ್ಲಿ ಸಾಹುಕಾರನೊಬ್ಬನ ಲೆಕ್ಕ ನಡೆಯುವುದಿಲ್ಲ. ಬೀದಿಯವರೆಲ್ಲರ ವರಮಾನವೂ ಬಿಡಿಯಾಗಿ ಕಾಣುತ್ತದೆ. ಕಷ್ಟವೆಂದರೆ ಚದರಿದ ಬೆಳಕು ತೀರ ಕ್ಷೀಣ. ಪ್ಲಾಸ್ಮಾದ ಸ್ವಂತ ಹೊಳಪಿನ ನಡುವೆ ಅದನ್ನು ಹೆಕ್ಕಬೇಕು.

ಕೊನೆಗೂ ಹೆಕ್ಕಿದರು. ಆರ್ಟ್ಸಿಮೋವಿಚ್ ಹೇಳಿದ್ದು ನಿಜವಾಗಿತ್ತು. ಬ್ರಿಟಿಷರೂ ರಷ್ಯನ್ನರೂ ಸೇರಿ ಬರೆದ ಪ್ರಬಂಧ 1969ರ ನವೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮರುವರ್ಷವೇ ಅಮೆರಿಕದ ಪ್ರಿನ್ಸ್‌ಟನ್‌ನವರು ತಮ್ಮ ಹೆಮ್ಮೆಯ ಸ್ಟೆಲರೇಟರ್ ಯಂತ್ರವನ್ನು ಟೋಕಮಾಕ್ ಆಗಿ ಮಾರ್ಪಡಿಸಿಕೊಂಡರು. ಆ ಬಳಿಕ ಹಲವು ದೇಶಗಳಲ್ಲಿ ಟೋಕಮಾಕ್‌ಗಳು ಎದ್ದವು. 1989ರಲ್ಲಿ ಗುಜರಾತಿನ ಗಾಂಧಿನಗರದ ಬಳಿ ನಮ್ಮ 'ಆದಿತ್ಯ' ಕೂಡ.

ಆರ್ಟ್ಸಿಮೋವಿಚ್ 1973ರಲ್ಲಿ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಲ್ಹಮ್‌ನಲ್ಲೇ ಕಟ್ಟಿದ 'ಜೆಟ್' ಎಂಬ ದೊಡ್ಡ ಟೋಕಮಾಕ್ 2023ರಲ್ಲಿ, ಮುಚ್ಚುವ ಮುನ್ನ, ಸುಮಾರು ಐದು ಸೆಕೆಂಡಿನಲ್ಲಿ 69 ಮೆಗಾಜೂಲ್ ಶಕ್ತಿ ಕೊಟ್ಟಿತು. ಪ್ಲಾಸ್ಮಾವನ್ನು ಕಾಯಿಸಲು ಅದಕ್ಕಿಂತ ಹೆಚ್ಚೇ ಖರ್ಚಾಗಿತ್ತು.