ಕಟ್ಟಿಕೊಂಡ ಕೊಳವೆ ಮತ್ತು ನಮ್ಮ ನದಿಗಳು

(ಮಲೆನಾಡಿನಿಂದ ಬಂದು ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ನೆಲೆಸಿರುವವರ ಸಭೆಯೊಂದರಲ್ಲಿ, ರಾಜಾಜಿನಗರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ.)



ಕಾಡು, ಕಣಿವೆ, ನದಿಗಳ ಬಗ್ಗೆ ಮಾತನಾಡುವುದು ನಮಗೆಲ್ಲ ರೂಢಿಯಾಗಿದೆ. ಇಂದು ನಾನು ಆರಿಸಿಕೊಂಡಿರುವುದು ನಾಲ್ಕು ಜನರ ನಡುವೆ ಎತ್ತಲು ಸಂಕೋಚಪಡುವ ವಿಷಯ: ಕಟ್ಟಿಕೊಂಡ ಶೌಚಾಲಯ. ನದಿಯ ಪ್ರಶ್ನೆಗೂ ಮನೆಯ ಬಚ್ಚಲಿಗೂ ಇರುವ ನಂಟನ್ನು ನಾವು ಮರೆತಿರುವುದರಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ದೂರದ ಸಮುದ್ರಯಾನ ಮಾಡುವ ಸಣ್ಣ ಹಾಯಿದೋಣಿಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮೊದಲು ಹೊಟ್ಟೆಗೆ ಹೋಗದ ಯಾವ ವಸ್ತುವೂ ಶೌಚದ ಬೋಗುಣಿಗೆ ಬೀಳಬಾರದು. ಅಲ್ಲಿನ ಕೊಳವೆ ಬಹಳ ಕಿರಿದು. ಮೂತ್ರವೂ ಉಪ್ಪುನೀರೂ ಬೆರೆತು ಒಳಗೋಡೆಗೆ ಸುಣ್ಣದಂಥ ಪದರ ಕಟ್ಟಿ ಅದು ಇನ್ನಷ್ಟು ಕಿರಿದಾಗುತ್ತದೆ. ಒಮ್ಮೆ ಕಟ್ಟಿಕೊಂಡರೆ ಬಿಡಿಸಲು ಹೊರಗಿನಿಂದ ಯಾರೂ ಬರುವುದಿಲ್ಲ. ದೋಣಿಯಲ್ಲಿರುವವರೇ ಕೊಳವೆ ಬಿಚ್ಚಬೇಕು, ತಮ್ಮ ಕೈಯಿಂದಲೇ ತೊಳೆಯಬೇಕು. ಆದ್ದರಿಂದ ಆ ನಿಯಮವನ್ನು ಯಾರೂ ಮುರಿಯುವುದಿಲ್ಲ. ನಗರದಲ್ಲಿ ಕಟ್ಟಿಸುವವರು ಒಬ್ಬರು, ಬಿಡಿಸುವವರು ಇನ್ನೊಬ್ಬರು. ಆ ಇನ್ನೊಬ್ಬರು ಯಾವ ಜಾತಿಯಿಂದ ಬರುತ್ತಾರೆಂಬುದು ನಮಗೆಲ್ಲ ತಿಳಿದೇ ಇದೆ. ನಮ್ಮ ಒಳಚರಂಡಿಯ ನಿಜವಾದ ಕಟ್ಟು ಇರುವುದು ಇಲ್ಲಿ.

ಒಳಚರಂಡಿ ಕೆಲಸ ಮಾಡುವ ಬಗೆಯನ್ನು ನೋಡೋಣ. ಅದಕ್ಕೆ ಬಹುಪಾಲು ಯಂತ್ರದ ಬಲವಿಲ್ಲ. ಇಳಿಜಾರೇ ಅದರ ಶಕ್ತಿ. ನೀರು ಸೆಕೆಂಡಿಗೆ ಸುಮಾರು 60 ಸೆಂ.ಮೀ. ವೇಗದಲ್ಲಾದರೂ ಹರಿದರೆ ಮಾತ್ರ ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ವೇಗ ತಗ್ಗಿದಲ್ಲಿ ಮರಳು ತಳಕ್ಕೆ ಕೂರುತ್ತದೆ. ಅಡುಗೆಮನೆಯಿಂದ ಬಿಸಿಯಾಗಿ ಇಳಿದ ಎಣ್ಣೆ, ತುಪ್ಪ ತಣ್ಣಗಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಕೂದಲು, ಬಟ್ಟೆಚೂರು ಸಿಕ್ಕಿಕೊಳ್ಳುತ್ತವೆ. ಸ್ಯಾನಿಟರಿ ಪ್ಯಾಡ್ ಮತ್ತು ಡೈಪರ್‌ಗಳ ಒಳಗಿರುವ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಉಬ್ಬುತ್ತದೆ, ಅವು ಕರಗುವವಲ್ಲ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಒಂದು ಸಂಸಾರವಿದ್ದ ಕಡೆ ಇಂದು ನಾಲ್ಕು ಅಂತಸ್ತುಗಳು ಎದ್ದಿವೆ. ಮಹಡಿಗಳು ಏರಿದಂತೆ ರಸ್ತೆಯಡಿಯ ಕೊಳವೆ ಎಲ್ಲೆಡೆ ಹಿಗ್ಗಲಿಲ್ಲ. ಸಾಲದೆಂಬಂತೆ ತಾರಸಿಯ ಮಳೆನೀರನ್ನೂ ಅದೇ ಕೊಳವೆಗೆ ಬಿಡುವ ಮನೆಗಳಿವೆ. ಜೋರು ಮಳೆಯ ಸಂಜೆ ಮ್ಯಾನ್‌ಹೋಲ್‌ಗಳು ಉಕ್ಕುವುದಕ್ಕೂ, ತಗ್ಗಿನ ಮನೆಗಳ ಬಚ್ಚಲಿನಿಂದ ಮಲಿನ ನೀರು ಹಿಮ್ಮುಖವಾಗಿ ಏರುವುದಕ್ಕೂ ಇದು ಒಂದು ಮುಖ್ಯ ಕಾರಣ. ತಾರಸಿಯ ನೀರು ಇಂಗುಗುಂಡಿಗೋ ತೊಟ್ಟಿಗೋ ಹೋಗಬೇಕೇ ಹೊರತು ಮಲದ ಕೊಳವೆಗಲ್ಲ.

ಕಟ್ಟಿಕೊಂಡ ಮೇಲೆ ಏನಾಗುತ್ತದೆ? ಹಿಂದೆಲ್ಲ ಬಿದಿರಿನ ದಬ್ಬೆ ತೂರಿಸುತ್ತಿದ್ದರು. ಅದು ಸಾಲದಾದಾಗ ಮನುಷ್ಯನನ್ನೇ ಇಳಿಸುತ್ತಿದ್ದರು. ಇಂದು ಒತ್ತಡದ ನೀರನ್ನು ಚಿಮ್ಮಿಸುವ ಜೆಟ್ಟಿಂಗ್ ಯಂತ್ರಗಳಿವೆ. ಕಟ್ಟಿನ ಕೆಳಭಾಗದ ಮ್ಯಾನ್‌ಹೋಲ್‌ನಿಂದ ಅದರ ಕೊಳವೆಯನ್ನು ಮೇಲಕ್ಕೆ ಬಿಟ್ಟು, ಕಸವನ್ನು ಹಿಂದಕ್ಕೆ ಸೆಳೆದು ಎತ್ತಬಹುದು. ಆದರೂ ಮನುಷ್ಯರು ಇಳಿಯುವುದು ನಿಂತಿಲ್ಲ, ಸಾವುಗಳೂ ನಿಂತಿಲ್ಲ. ಕೊಳೆತ ಮಲದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಅಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲವೆಂದು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸಾಯುವುದು ಹೀಗೆ.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು, 1970ರ ದಶಕದಲ್ಲಿ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಆದರೂ 2010ರ ಜುಲೈಯಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮ ಸಂಕಟವನ್ನು ಆಳುವವರಿಗೆ ಕಾಣಿಸಲು ಮೈಮೇಲೆ ಮಲ ಸುರಿದುಕೊಳ್ಳಬೇಕಾಯಿತು. 2013ರ ಕಾನೂನು ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಶುಚಿಗೆ ಯಾರನ್ನೂ ನೇಮಿಸಬಾರದೆಂದಿತು. ಈ ನಿಷೇಧ ಸರ್ಕಾರಿ ಸಂಸ್ಥೆಗಳಿಗೆ ಮಾತ್ರವಲ್ಲ, ಮನೆಯ ಮಾಲೀಕರಾದ ನಿಮಗೂ ನನಗೂ ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೇ 2 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಈ ಪದ್ಧತಿ ಸಂಪೂರ್ಣ ನಿಲ್ಲಬೇಕೆಂದು ಮತ್ತೆ ಆದೇಶಿಸಿತು. ಆದೇಶವನ್ನು ಮತ್ತೆ ಮತ್ತೆ ಹೊರಡಿಸಬೇಕಾಗಿದೆ ಎಂಬುದೇ ನಮ್ಮ ಸಮಾಜದ ಮೇಲಿನ ಆರೋಪಪಟ್ಟಿ.

ಇನ್ನು ಈ ನೀರು ಹೋಗುವುದೆಲ್ಲಿಗೆ? ಬೆಂಗಳೂರಿನ ಈ ಭಾಗವೆಲ್ಲ ವೃಷಭಾವತಿ ಕಣಿವೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬಿದ ನದಿ ಅದು. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯ ಬಳಿ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿಯ ಬೈರಮಂಗಲ ಕೆರೆಗೆ ಇಳಿಯುತ್ತದೆ. ಮೈಸೂರು ರಸ್ತೆಯಲ್ಲೂ ಕೆಂಗೇರಿಯಲ್ಲೂ ದೊಡ್ಡಬೆಲೆಯಲ್ಲೂ ಸಂಸ್ಕರಣಾ ಘಟಕಗಳಿವೆ. ಆದರೆ ಕೊಳವೆ ಕಟ್ಟಿಕೊಂಡು ರಾಜಕಾಲುವೆಗೆ ಉಕ್ಕಿದ ಮಲಿನ ನೀರು ಸಂಸ್ಕರಣೆಯ ಹಾದಿಯನ್ನೇ ತಪ್ಪಿಸಿಕೊಳ್ಳುತ್ತದೆ. ನೀರಾವರಿಗೆಂದು ಕಟ್ಟಿದ ಬೈರಮಂಗಲದ ಕೆಳಗಿನ ರೈತರು ನಮ್ಮ ಮೈಲಿಗೆಯಲ್ಲಿ ಬೆಳೆ ತೆಗೆಯುವಂತಾದದ್ದು ಹೀಗೆ. ಮುಂದೆ ಅದು ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಬೆಂಗಳೂರು ಕಾವೇರಿಯನ್ನು ಎತ್ತಿಕೊಳ್ಳುವುದು ಸಂಗಮಕ್ಕಿಂತ ಮೇಲೆ. ನಾವು ಬಿಟ್ಟದ್ದು ನಮ್ಮ ನಲ್ಲಿಗೆ ಮರಳುವುದಿಲ್ಲ. ಅದು ಹೊಗೆನಕಲ್‌ನಿಂದ ಕುಡಿಯುವ ನೀರು ಪಡೆಯುವ ಧರ್ಮಪುರಿ, ಕೃಷ್ಣಗಿರಿಗಳ ಜನರತ್ತ ಹರಿಯುತ್ತದೆ.

ಮಲೆನಾಡಿನವರಾದ ನಮಗೆ ಇದರಲ್ಲಿ ಎರಡು ಹೊಣೆಗಳಿವೆ. ಕೊಡಗಿನ ಕಾವೇರಿಯೂ ಮೂಡಿಗೆರೆ ಸೀಮೆಯ ಹೇಮಾವತಿಯೂ ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಇಲ್ಲಿಗೆ ಬರುತ್ತವೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ತರಲೆಂದು ಕಟ್ಟಿದ್ದು. ಮನೆಗೆ ಬಂದ ನೀರಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಚರಂಡಿಗೇ ಹೋಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ. 2019ರಲ್ಲಿ ಶರಾವತಿಯನ್ನೂ ಇಲ್ಲಿಗೆ ತರುವ ಪ್ರಸ್ತಾಪ ಬಂದಾಗ ಮಲೆನಾಡು ಎದ್ದು ನಿಂತಿತು. ಆ ಪ್ರತಿರೋಧ ನ್ಯಾಯವಾದದ್ದೇ. ಆದರೆ ಈ ನಗರದಲ್ಲಿರುವ ನಾವು ಶರಾವತಿಗಾಗಿ ಸಹಿ ಹಾಕಿ, ಮನೆಗೆ ಬಂದು 10 ಲೀಟರಿನ ತೊಟ್ಟಿಯನ್ನು ಒತ್ತಿ ಸಿಗರೇಟಿನ ತುಂಡನ್ನು ಕೊಚ್ಚಿಸಿದರೆ ನಮ್ಮ ಮಾತಿಗೆ ತೂಕವೆಲ್ಲಿ?

ಎರಡನೆಯ ಹೊಣೆ ಊರಿನದು. ಘಟ್ಟದ ಮೇಲೆ ಹೋಂಸ್ಟೇಗಳು ಹೆಚ್ಚುತ್ತಿವೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆದ್ದಾಗ ಹಳ್ಳದ ದಂಡೆಯ ಮಲದಗುಂಡಿ ನೀರು ತುಂಬಿಕೊಂಡು ಹಳ್ಳಕ್ಕೇ ಸೋರುತ್ತದೆ. ಗುಂಡಿಯನ್ನು ಬಾವಿ, ಒರತೆಗಳ ಮೇಲ್ಭಾಗದಲ್ಲಿ ತೋಡಬಾರದು. ನೀರು ನಿಲ್ಲದ ಎತ್ತರದ ಜಾಗದಲ್ಲಿ ಜೋಡಿಗುಂಡಿ ಮಾಡಿ, ಒಂದು ತುಂಬಿದಾಗ ಮುಚ್ಚಿ ಇನ್ನೊಂದನ್ನು ಬಳಸಿದರೆ, ಎರಡು ವರ್ಷಗಳಲ್ಲಿ ಮೊದಲನೆಯದು ಮಣ್ಣಿನಂಥ ಗೊಬ್ಬರವಾಗುತ್ತದೆ. ಹಸಿ ಮಲವನ್ನು ಯಾರೂ ಮುಟ್ಟಬೇಕಾಗಿಲ್ಲ.

ನಾಳೆಯಿಂದಲೇ ಮಾಡಬಹುದಾದದ್ದು ಇಷ್ಟು. ಶೌಚಾಲಯದಲ್ಲಿ ಮುಚ್ಚಳವಿರುವ ಒಂದು ಕಸದ ಬುಟ್ಟಿ ಇಡಿ. ಪಾತ್ರೆಯ ಜಿಡ್ಡನ್ನು ಕಾಗದದಿಂದ ಒರೆಸಿ ತೊಳೆಯಿರಿ. ತಾರಸಿಯ ಕೊಳವೆ ಎಲ್ಲಿ ಸೇರುತ್ತದೆಂದು ನೋಡಿ. ಬೀದಿಯ ಕೊಳವೆ ಕಟ್ಟಿದರೆ ಜಲಮಂಡಳಿಗೆ ದೂರು ಕೊಟ್ಟು ಯಂತ್ರ ಬರುವವರೆಗೆ ಕಾಯಿರಿ. ಬೇಗ ಆಗಲೆಂದು ಐದುನೂರು ರೂಪಾಯಿ ಕೊಟ್ಟು ಯಾರನ್ನೂ ಇಳಿಸಬೇಡಿ. ಪಕ್ಕದ ಮನೆಯವರು ಇಳಿಸಲು ಹೊರಟರೆ ಅಡ್ಡ ನಿಂತು ತಡೆಯಿರಿ. ಒಂದು ದಿನದ ದುರ್ನಾತವನ್ನು ಸಹಿಸಬಹುದು. ಗುಂಡಿಗಿಳಿದವನ ಮನೆಯವರು ಸಹಿಸಬೇಕಾದದ್ದು ಒಂದು ದಿನದ್ದಲ್ಲ.