ನಗಿಸುವ ಕೂಲಿ: ಮೇರಿ ಡ್ರೆಸ್ಲರ್

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಸಿನಿಮಾ ನಟಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನಾವು ಹೇಳಹೊರಟಿರುವುದು ತಾರೆಯರ ಚೆಲುವಿನ ಕಥೆಯಲ್ಲ. ಅಮೆರಿಕದ ಹಾಸ್ಯನಟಿ ಮೇರಿ ಡ್ರೆಸ್ಲರಳನ್ನು ಚೆಲುವೆಯೆಂದು ಯಾರೂ ಕರೆಯಲಿಲ್ಲ. 1924ರಲ್ಲಿ ತನ್ನ ಆತ್ಮಕಥೆ ಬರೆದಾಗ ಆಕೆ ತನ್ನನ್ನು ತಾನೇ ಕುರೂಪಿ ಬಾತುಮರಿ ಎಂದು ಕರೆದುಕೊಂಡಳು. ಭಾರೀ ಮೈ, ಅಗಲ ಮುಖ, ಗಡುಸು ದನಿ. ಜನರನ್ನು ನಗಿಸುವುದು ಆಕೆಯ ಕಸುಬು. ನಗಿಸುವುದೂ ಒಂದು ದುಡಿಮೆ, ಅದಕ್ಕೂ ಕೂಲಿಯ ಲೆಕ್ಕವುಂಟು ಎಂಬುದನ್ನು ಆಕೆ ಹೆಸರು ಬಂದ ಮೇಲೂ ಮರೆಯಲಿಲ್ಲ. ಅದರ ಬೆಲೆಯನ್ನೂ ತೆತ್ತಳು.

ಹುಟ್ಟಿದ್ದು 1868ರ ನವೆಂಬರ್ 9ರಂದು, ಕೆನಡಾ ದೇಶದ ಕೋಬರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಜರ್ಮನಿಯ ಕಡೆಯಿಂದ ಬಂದ ಸಂಗೀತದ ಮೇಷ್ಟ್ರು. ಮುಂಗೋಪಿ, ಒಂದು ಊರಿನಲ್ಲಿ ನೆಲೆ ನಿಂತವರಲ್ಲ. ಮೇಷ್ಟರ ಮನೆಯ ಅಡಿಗೆಕೋಣೆ ಹೇಗಿರುತ್ತದೆಂದು ನಮ್ಮಂಥವರಿಗೆ ಯಾರೂ ವರ್ಣಿಸಬೇಕಾಗಿಲ್ಲ. ಹದಿನಾಲ್ಕರ ಸುಮಾರಿಗೆ ಹುಡುಗಿ ಮನೆ ಬಿಟ್ಟು ಊರೂರು ತಿರುಗುವ ನಾಟಕ ಕಂಪನಿಯೊಂದನ್ನು ಸೇರಿದಳು. ಆಟದವರ ಕಸುಬಿಗೆ ಮನೆತನದ ಹೆಸರು ಅಂಟಬಾರದೆಂದು ತಂದೆ ಹಟ ಹಿಡಿದರು. ಹೀಗೆ ಲೀಲಾ ಮೇರಿ ಕೋರ್ಬರ್ ಎಂಬ ಹುಡುಗಿ ನೆಂಟರೊಬ್ಬರ ಹೆಸರನ್ನು ಇಟ್ಟುಕೊಂಡು ಮೇರಿ ಡ್ರೆಸ್ಲರ್ ಆದಳು. ಕೈಗೆ ಬರುತ್ತಿದ್ದ ಕೆಲವೇ ಡಾಲರುಗಳಲ್ಲಿ ಅರ್ಧ ತಾಯಿಗೆ ಹೋಗುತ್ತಿತ್ತು.

1892ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಳು. ಗಂಭೀರ ಗಾಯಕಿಯಾಗಬೇಕೆಂದು ಆಕೆಗೆ ಆಸೆಯಿತ್ತು. ಈ ಮೈಕಟ್ಟಿಗೆ ಹಾಸ್ಯವೇ ಸರಿಯೆಂದು ತಿಳಿದವರು ಬುದ್ಧಿ ಹೇಳಿದರು. ಇಲ್ಲಿ ನಾವು ಒಂದು ತಪ್ಪೊಪ್ಪಿಕೊಳ್ಳಬೇಕು. ನಾವು ಶಾಲೆಯಲ್ಲಿದ್ದಾಗ ತರಗತಿಯಲ್ಲಿ ದಪ್ಪನೆಯ ಹುಡುಗಿಯೊಬ್ಬಳಿದ್ದಳು. ಅವಳು ಪದ್ಯ ಒಪ್ಪಿಸಲು ಎದ್ದಾಗಲೆಲ್ಲ ಮಕ್ಕಳು ಕಿಸಕ್ಕೆನ್ನುವರು. ಗದರಿಸಬೇಕಾದ ನಾವೂ ಒಂದು ದಿನ ನಕ್ಕುಬಿಟ್ಟೆವು. ಮರುದಿನ ಅವಳ ಜಾಗ ಬರಿದಾಗಿತ್ತು. ಡ್ರೆಸ್ಲರ್ ಅಂಥ ನಗುವಿನ ಎದುರಿಗೇ ನಿಂತು, ಅದನ್ನು ತನ್ನ ಹತೋಟಿಗೆ ತಂದುಕೊಂಡವಳು. ಯಾವಾಗ ನಗಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವವಳು ಆಕೆ, ಪ್ರೇಕ್ಷಕರಲ್ಲ.

1910ರಲ್ಲಿ ಆಕೆಯ ಹೆಸರನ್ನು ಮನೆಮಾತಾಗಿಸಿದ ನಾಟಕ ಬಂತು. ನಾಯಕಿ ಟಿಲ್ಲಿ ಒಂದು ಊಟವಸತಿಯ ಮನೆಯಲ್ಲಿ ಕಸ ಗುಡಿಸಿ ಪಾತ್ರೆ ತೊಳೆಯುವವಳು. ಮನೆಯವರು ಆಟ ನೋಡಲು ಹೋಗುತ್ತಾರೆ, ಇವಳನ್ನು ಬಿಟ್ಟು. ದಣಿದವಳು ಕುಳಿತಲ್ಲೇ ನಿದ್ದೆಹೋಗಿ ಶ್ರೀಮಂತಿಕೆಯ ಕನಸು ಕಾಣುತ್ತಾಳೆ. ನಾಟಕವೆಲ್ಲ ಆ ಕನಸೇ. ನಕ್ಕು ನಕ್ಕು ಸುಸ್ತಾದವರು ಎಚ್ಚರವಾದ ಟಿಲ್ಲಿಯ ಮುಖ ನೋಡಿ ಸುಮ್ಮನಾಗಲೇಬೇಕು.

ಅದೇ ಟಿಲ್ಲಿಯ ಹೆಸರು ಹಿಡಿದು 1914ರಲ್ಲಿ ಮ್ಯಾಕ್ ಸೆನೆಟ್ ಆರು ರೀಲಿನ ಮೂಕಿಚಿತ್ರ ತೆಗೆದ. ಪೂರ್ಣ ಉದ್ದದ ಹಾಸ್ಯಚಿತ್ರಗಳಲ್ಲಿ ಅದೇ ಮೊದಲನೆಯದೆಂದು ಹೇಳುವವರುಂಟು. ಚಾರ್ಲಿ ಚಾಪ್ಲಿನ್ ಅದರಲ್ಲಿ ಹಳ್ಳಿಯ ಹೆಣ್ಣಿನ ಹಣಕ್ಕೆ ಬಾಯಿ ಬಿಡುವ ಮೋಸಗಾರ. ಇಂದು ಅದನ್ನು ಚಾಪ್ಲಿನ್ ಚಿತ್ರವೆನ್ನುತ್ತಾರೆ. ಅಂದು ಜನ ಬಂದದ್ದು ಡ್ರೆಸ್ಲರಳಿಗಾಗಿ.

1918ರಲ್ಲಿ ಆಕೆ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಫೇರ್‌ಬ್ಯಾಂಕ್ಸ್ ಇವರಂತೆ ಊರೂರು ತಿರುಗಿ ಸರ್ಕಾರದ ಯುದ್ಧಸಾಲದ ಪತ್ರಗಳನ್ನು ಮಾರಿದಳು. ಅದೇ ವರ್ಷ ಯುದ್ಧವಿರೋಧಿ ಭಾಷಣಕ್ಕಾಗಿ ಯೂಜೀನ್ ಡೆಬ್ಸ್‌ಗೆ ಜೈಲು ಶಿಕ್ಷೆಯಾಯಿತು. ಇದನ್ನು ಮುಚ್ಚಿಟ್ಟು ಆಕೆಯನ್ನು ಹೊಗಳುವುದು ನಮಗೆ ಬೇಡ. ಆಕೆ ನಮ್ಮ ಪಂಥದವಳೇನೂ ಅಲ್ಲ.

ಮುಂದಿನ ವರ್ಷದ ಸಂಗತಿ ಬೇರೆ. ಆಗಿನ ನ್ಯೂಯಾರ್ಕಿನ ನಾಟಕಶಾಲೆಗಳ ಪದ್ಧತಿ ಕೇಳಿ. ತಾಲೀಮು ವಾರಗಟ್ಟಲೆ ನಡೆಯುವುದು; ಆ ದಿನಗಳಿಗೆ ಬಿಡಿಗಾಸೂ ಇಲ್ಲ. ಆಟ ನಾಲ್ಕು ರಾತ್ರಿಗೆ ಬಿದ್ದುಹೋದರೆ ನಾಲ್ಕು ರಾತ್ರಿಯ ಸಂಬಳ. ಹಬ್ಬದ ದಿನ ಹೆಚ್ಚಿನ ಆಟವಾಡಿಸಿದರೆ ಬೇರೆ ಕೂಲಿಯಿಲ್ಲ. ಕಂಪನಿ ದೂರದ ಊರಿನಲ್ಲಿ ಮುರಿದುಬಿದ್ದರೆ ಹಿಂತಿರುಗುವ ರೈಲು ಚಾರ್ಜು ಅವರವರ ಪಾಡು. ಎಲ್ಲಕ್ಕಿಂತ ಕೆಟ್ಟ ಪಾಡು ಕೋರಸ್ ಹುಡುಗಿಯರದು, ಅಂದರೆ ಹಿಂದಿನ ಸಾಲಿನಲ್ಲಿ ನಿಂತು ಹಾಡಿ ಕುಣಿಯುವವರದು. ಕುಣಿದು ಸವೆದ ಜೋಡು, ಹರಿದ ಕಾಲುಚೀಲ, ಇವನ್ನೂ ತಮ್ಮ ಸಂಬಳದಲ್ಲೇ ಕೊಳ್ಳಬೇಕು.

1913ರಲ್ಲಿ ನಟರು ಈಕ್ವಿಟಿ ಎಂಬ ಸಂಘ ಕಟ್ಟಿದ್ದರು. ಕಲಾವಿದರಾದ ನಾವು ಗಾರೆಯವರಂತೆ, ಬಡಗಿಗಳಂತೆ ಯೂನಿಯನ್ ಸೇರುವುದೆ ಎಂದು ಅವರೊಳಗೇ ಹಲವು ವರ್ಷ ಜಗ್ಗಾಟ ನಡೆಯಿತು. ಕೊನೆಗೆ 1919ರ ಬೇಸಗೆಯಲ್ಲಿ ಸಂಘವು ಅಮೆರಿಕದ ಕಾರ್ಮಿಕ ಮಹಾಸಂಘಕ್ಕೆ ಸೇರಿತು. ಆಗಸ್ಟ್ 7ರಂದು ಮುಷ್ಕರ ಆರಂಭವಾಯಿತು. ಪ್ರೇಕ್ಷಕರು ಬಂದು ಕುಳಿತಿದ್ದಾರೆ, ಪರದೆ ಮೇಲೇಳಲಿಲ್ಲ. ಆದರೆ ನಟರ ಸಂಘದಲ್ಲಿ ಕೋರಸ್ ಹುಡುಗಿಯರಿಗೆ ಎಡೆಯಿರಲಿಲ್ಲ. ದುಡಿಯುವವರ ಸಂಘದಲ್ಲೂ ಪಂಕ್ತಿಭೇದ, ನೋಡಿ! ಮುಷ್ಕರದ ನಡುವೆಯೇ ಹುಡುಗಿಯರು ಕೋರಸ್ ಈಕ್ವಿಟಿ ಎಂಬ ತಮ್ಮ ಸಂಘವನ್ನು ಕಟ್ಟಿ ಡ್ರೆಸ್ಲರಳನ್ನು ಅದರ ಮೊದಲ ಅಧ್ಯಕ್ಷೆಯಾಗಿ ಆರಿಸಿದರು. ಆಗ ಆಕೆಗೆ ಐವತ್ತು ವರ್ಷ. ಮುಂದಿನ ಸಾಲಿಗೆ ಬಂದು ಎರಡು ದಶಕಗಳಾಗಿದ್ದವು. ಆಕೆಗೆ ಜೋಡಿನ ಚಿಂತೆ ಇರಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಜಾರ್ಜ್ ಕೋಹಾನನಂಥ ದೊಡ್ಡ ನಟರು ಮಾಲಿಕರ ಪಕ್ಷ ವಹಿಸಿದರು. ತಾವೂ ಮಾಲಿಕರೇ ಆಗಿದ್ದರಲ್ಲ. ಅವರ ಬಣದವರು ಫಿಡೆಲಿಟಿ, ಅಂದರೆ ನಿಷ್ಠೆ, ಎಂಬ ಹೆಸರಿನ ಎದುರು ಸಂಘ ಕಟ್ಟಿದರು. ಮುಷ್ಕರದವರು ಅದನ್ನು ಮೊಟಕುಮಾಡಿ ಫೈಡೊ ಎಂದರು. ಆ ಕಡೆ ನಾಯಿಗೆ ಇಡುವ ಹೆಸರು ಅದು. ರಂಗದ ಹಿಂದಿನ ಬಡಗಿಗಳೂ ವಾದ್ಯದವರೂ ನಟರ ಜೊತೆ ಹೊರಬಂದಾಗ ಮಾಲಿಕರ ಆಟ ನಿಂತಿತು. ಸೆಪ್ಟೆಂಬರ್ 6ಕ್ಕೆ ರಾಜಿಯಾಯಿತು. ಸಂಘಕ್ಕೆ ಮಾನ್ಯತೆ ಬಂತು. ವಾರಕ್ಕೆ ಎಂಟು ಆಟವೆಂಬ ಮಿತಿ, ಅದಕ್ಕಿಂತ ಹೆಚ್ಚಾದರೆ ಪ್ರತ್ಯೇಕ ಸಂಬಳ. ಕೋರಸ್‌ನವರ ಸಂಘವು 1955ರಲ್ಲಿ ನಟರ ಸಂಘದಲ್ಲೇ ಲೀನವಾಯಿತು. ಪಂಕ್ತಿ ಒಂದಾಗಲು ಮೂವತ್ತಾರು ವರ್ಷ ಹಿಡಿಯಿತು.

ಆಮೇಲೆ ಡ್ರೆಸ್ಲರಳಿಗೆ ನಾಟಕಶಾಲೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮುಷ್ಕರದ ಹಗೆಯೆಂದು ಕೆಲವರು, ವಯಸ್ಸಾಯಿತು, ರುಚಿ ಬದಲಾಯಿತೆಂದು ಕೆಲವರು. ಎರಡೂ ಇದ್ದೀತು. ಸಿಟ್ಟಾದ ಮಾಲಿಕನಿಗೆ ವಯಸ್ಸೆಂಬುದು ಒಳ್ಳೆಯ ನೆಪ.

ಕೈಹಿಡಿದವಳು ಇನ್ನೊಬ್ಬ ಹೆಂಗಸು, ಚಿತ್ರಕಥೆ ಬರೆಯುತ್ತಿದ್ದ ಫ್ರಾನ್ಸಿಸ್ ಮೇರಿಯನ್. ಹಳೆಯ ಉಪಕಾರ ನೆನೆದು ಮೇರಿಯನ್ 1927ರಲ್ಲಿ ಆಕೆಗಾಗಿ ಒಂದು ಚಿತ್ರ ಬರೆದಳು. ಅದು ಐರಿಷ್ ಜನರನ್ನು ಹಳಿಯುತ್ತದೆಂದು ಗಲಾಟೆಯೆದ್ದು ತೆರೆಯಿಂದ ಇಳಿಯಿತು. ಮೇರಿಯನ್ ಬಿಡಲಿಲ್ಲ. 1930ರಲ್ಲಿ ಗ್ರೇಟಾ ಗಾರ್ಬೊ ಮೊದಲಬಾರಿಗೆ ಮಾತಾಡಿದ ಚಿತ್ರ ಬಂದಾಗ, ಅದರಲ್ಲಿ ಬಂದರಿನ ಕುಡುಕಿ ಮುದುಕಿಯಾಗಿ ಡ್ರೆಸ್ಲರ್ ಎಲ್ಲರ ಕಣ್ಣನ್ನು ತನ್ನ ಕಡೆಗೆ ಸೆಳೆದಳು. ಅದೇ ವರ್ಷ 'ಮಿನ್ ಅಂಡ್ ಬಿಲ್'. ಹಡಗುಕಟ್ಟೆಯ ಹೋಟೆಲಿನ ಒರಟು ಯಜಮಾನಿ ಮಿನ್ ತಾನು ಸಾಕಿದ ಹುಡುಗಿ ಸುಖವಾಗಿರಲೆಂದು ತನ್ನನ್ನೇ ಬಲಿಗೊಡುತ್ತಾಳೆ. ಅದಕ್ಕೆ 1931ರ ನವೆಂಬರ್ 10ರಂದು ಆಸ್ಕರ್ ಬಂತು, ಅರವತ್ತಮೂರು ತುಂಬಿದ ಮರುದಿನ.

ಅಮೆರಿಕದಲ್ಲಿ ಆಗ ಭಾರೀ ಕುಸಿತದ ಕಾಲ. ಕೆಲಸ ಕಳೆದುಕೊಂಡವರು ಕೋಟಿಗಟ್ಟಲೆ. ಅಂಥ ಹೊತ್ತಿನಲ್ಲಿ, 1932ರಲ್ಲೂ 1933ರಲ್ಲೂ, ಹೆಚ್ಚು ಜನರನ್ನು ಚಿತ್ರಮಂದಿರಕ್ಕೆ ಎಳೆದು ತಂದವರು ಯಾರೆಂದು ಪ್ರದರ್ಶಕರನ್ನು ಕೇಳಿದಾಗ ಮೊದಲ ಹೆಸರು ಬಂದದ್ದು ಈ ಮುದುಕಿಯದು. ಚೆಲುವೆಯರದಲ್ಲ. ಸೀರೆಯೋ ಗೌನೋ, ತೇಪೆ ಹಾಕಿದ ಬಟ್ಟೆಯ ಮುಖವನ್ನು ಜನ ಗುರುತಿಸುತ್ತಾರೆ.

ಅಷ್ಟರಲ್ಲಿ ಕ್ಯಾನ್ಸರು ಹಿಡಿದಿತ್ತು. 1934ರ ಜುಲೈ 28ರಂದು ತೀರಿಕೊಂಡಳು.

1933ರ 'ಡಿನ್ನರ್ ಅಟ್ ಎಯ್ಟ್' ಚಿತ್ರದ ಕೊನೆಯಲ್ಲಿ ಒಂದು ದೃಶ್ಯವುಂಟು. ಥಳಥಳಿಸುವ ಉಡುಪಿನ ಜೀನ್ ಹಾರ್ಲೊ ತಾನೊಂದು ಪುಸ್ತಕ ಓದುತ್ತಿದ್ದೆನೆಂದು ಹೇಳುತ್ತಾಳೆ. ಪಕ್ಕದಲ್ಲಿ ನಡೆಯುತ್ತಿದ್ದ ಡ್ರೆಸ್ಲರ್ ಒಮ್ಮೆಲೆ ಮುಗ್ಗರಿಸಿದಂತೆ ನಿಲ್ಲುತ್ತಾಳೆ. ಯಂತ್ರಗಳು ಬಂದು ಎಲ್ಲರ ಕಸುಬನ್ನೂ ಕಿತ್ತುಕೊಳ್ಳುವುವಂತೆ ಎಂದು ಹಾರ್ಲೊ ಮುಂದುವರಿಸುತ್ತಾಳೆ. ಡ್ರೆಸ್ಲರ್ ಅವಳನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ ಕೊಡುವ ಉತ್ತರವನ್ನು ನಾವು ಇಲ್ಲಿ ಹೇಳಿ ಕೆಡಿಸುವುದಿಲ್ಲ. ಆ ಚಿತ್ರ ನೋಡಲು ಸಿಕ್ಕಿದರೆ ಕೊನೆಯ ತನಕ ಎದ್ದು ಹೋಗಬೇಡಿ.